ಏಳನೇ ಚೌಕದ ಗೆರೆ

ಜನವರಿ 11

ಭೂತಗನ್ನಡಿಗೆ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ. ಕಣ್ಣಿಗೆ ಗಾಜು ಒತ್ತಿಕೊಂಡು ಚಿಪ್ಪಿನ ಮೇಲೆ ಬಗ್ಗಿ ಕೂತಿರುತ್ತಿದ್ದವಳನ್ನು ಚಿಪ್ಪು ಬಿಡಿಸುವ ನಮ್ಮ ಶೆಡ್ಡಿನಲ್ಲಿ ಇಂದಿಗೂ ಹಾಗೆಯೇ ಕರೆಯುವುದು. ಕ್ಷೇಮ ಸಮಾಚಾರ ನಾನು ಬರೆಯುವುದಿಲ್ಲ, ನೀನೂ ಕೇಳಬೇಡ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿಯಲ್ಲಿ ನಿಮ್ಮಣ್ಣನ ದನಿ ಇದೆ. "ಹಲೋ" ಅನ್ನುವಾಗಂತೂ ಥೇಟ್ ಅವರೇ. ಅದನ್ನು ಕೇಳುವ ಧೈರ್ಯ ನನಗಿಲ್ಲ, ಅದಕ್ಕೇ ಕಾಗದ.

ಅವರು ದೋಣಿ ತೆಗೆದುಕೊಂಡು ಹೋಗಿ ಇವತ್ತಿಗೆ ನಲವತ್ತನಾಲ್ಕು ದಿನ. ಒಂಬತ್ತು ದಿನ ಹುಡುಕಿದರು. ಅವರ ಜೊತೆಗಾರ ಮೆಕ್ಯಾನಿಕ್ಕು "ದಿಬ್ಬದ ಆಚೆ ಹೋಗ್ತೀನಿ ಅಂದಿದ್ದ" ಎಂದ ಮೇಲೆ ಎಲ್ಲರೂ ಮರಳುದಿಬ್ಬದ ಆಚೆಗೇ ಹುಡುಕಿದರು. ನೀನೂ ಬಂದು ಜೆಟ್ಟಿಯ ಮೇಲೆ ನಿಂತಿದ್ದೆ. ಮನೆಗೆ ಬಂದಾಗ ನಾನು ಬಾಗಿಲು ತೆಗೆಯಲಿಲ್ಲ. ದಿಬ್ಬದ ಈಚೆ, ಒಳಗಡಲಿನ ನೀರಡಿಯ ಹುಲ್ಲುಗಾವಲಿನಲ್ಲಿ ಈ ವರ್ಷ ಯಾರೂ ಬಲೆ ಹಾಕಬಾರದೆಂದು ಮೀನುಗಾರಿಕೆ ಇಲಾಖೆಗೆ ಬರೆದುಕೊಟ್ಟವಳು ನೀನು. ಅವತ್ತಿನಿಂದ ನಿಮ್ಮಣ್ಣ ನಿನ್ನ ಜೊತೆ ಮಾತು ಬಿಟ್ಟಿದ್ದರು, ಮಾತು ಬಿಟ್ಟ ಹಾಗೆಯೇ ಹೋದರು. ನನಗೆ ಆಗ ನಿನ್ನ ಮುಖ ನೋಡಲಾಗಲಿಲ್ಲ, ಅಷ್ಟೆ.

ಈಗ ಇಲ್ಲಿ ಬೇರೆ ಮಾತು ಶುರುವಾಗಿದೆ. ಮೇಲಿನ ಬಂದರಿನಲ್ಲಿ ಅವರಂಥ ಒಬ್ಬರನ್ನು ಯಾರೋ ನೋಡಿದರಂತೆ. ಅದೇ ಬಗ್ಗಿದ ಭುಜ, ಅದೇ ನಡಿಗೆ. ಶೆಡ್ಡಿನ ಹೆಂಗಸರು ಚೂರಿ ಕೆಳಗಿಡದೆ ನನಗೆ ಕೇಳಿಸುವ ಹಾಗೆಯೇ ಆಡುತ್ತಾರೆ: "ಮುಳುಗಿದ್ರೆ ಒಂದು ಹಲಗೆಯಾದ್ರೂ ತೇಲಿ ಬರ್ಬೇಕಿತ್ತಲ್ಲ? ಹೆಂಡತಿ ಬಾಯಿಗೆ ಬೇಸತ್ತು ಹೋಗಿರ್ತಾನೆ ಬಿಡಿ." ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತು. ಆ ಬೆಳಿಗ್ಗೆ ನಮಗೆ ಜಗಳವಾಗಿತ್ತು. ಊಟದ ಡಬ್ಬಿ ಮುಟ್ಟದೆ ಹೋದರು. ಆದ್ದರಿಂದ ಅವರಾಡುವ ಮಾತಿಗೆ ಉತ್ತರ ಕೊಡಲು ನನಗೆ ಬಾಯಿಲ್ಲ.

ಸತ್ತಿದ್ದರೆ ಅಳುತ್ತೇನೆ. ಬಿಟ್ಟು ಹೋಗಿದ್ದರೆ ಬೈಯುತ್ತೇನೆ. ಎರಡಕ್ಕೂ ನಾನು ತಯಾರಿದ್ದೇನೆ. ಯಾವುದೆಂದು ತಿಳಿಯದೆ ಕೂತಿರುವುದು ಮಾತ್ರ ನನ್ನಿಂದ ಆಗುತ್ತಿಲ್ಲ.

ಇನ್ನೊಂದು ಸಂಗತಿ, ನಗಬೇಡ. ಸಂಜೆ ಶೆಡ್ಡಿನ ನೀರಿನ ಪೈಪು ನಿಲ್ಲಿಸಿ ಮನೆಗೆ ಬಂದರೆ ಅಡುಗೆಮನೆಯ ಮೂಲೆಯಿಂದ ಟಪ್, ಟಪ್ ಎಂದು ಶಬ್ದ. ಜೀವ ಇರುವ ಚಿಪ್ಪು ಬುಟ್ಟಿಯಲ್ಲಿ ಬಾಯಿ ತೆರೆದು ಮುಚ್ಚುವಾಗ ಬರುತ್ತದಲ್ಲ, ಅದು. ಹೋಗಿ ನೋಡಿದರೆ ಬುಟ್ಟಿ ಬೋರಲು ಹಾಕಿದ್ದು ಹಾಗೆಯೇ ಇದೆ, ಒಣಗಿ ಬಿರುಕು ಬಿಟ್ಟಿದೆ. ಶೆಡ್ಡಿನಲ್ಲೂ ಈಗ ಕೆಲಸ ಓಡುವುದಿಲ್ಲ. ಚೂರಿ ತೂರಿಸಿ ಬಾಯಿ ಬಿಡಿಸಿದರೆ ಅಂಚಿನುದ್ದಕ್ಕೂ ಆ ನೀಲಿ ಕಣ್ಣುಗಳು, ಮೂವತ್ತೋ ನಲವತ್ತೋ. ಇಪ್ಪತ್ತೆರಡು ವರ್ಷ ಅವುಗಳನ್ನು ಕೆರೆದು ಎಸೆದು ನಡುವಿನ ಬಿಳಿ ಮಾಂಸದ ಗುಂಡನ್ನು ಬೋಗುಣಿಗೆ ಹಾಕಿದವಳು ನಾನು. ಈಗ ಒಂದೊಂದೂ ನನ್ನನ್ನು ಗುರುತು ಹಿಡಿದ ಹಾಗೆ ನೋಡುತ್ತದೆ.

ಅವರ ಹಳೇ ರೈನ್‌ಕೋಟಿನ ಜೇಬಿನಲ್ಲಿ ಈ ಚಿಪ್ಪು ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ನಾನು ಇದನ್ನು ಮೊದಲು ನೋಡಿರಲಿಲ್ಲ. ಚಿಪ್ಪು ನೋಡಿ ಅದರ ಊರು ಹೇಳುತ್ತೀಯಲ್ಲ, ಇದು ಯಾವ ನೀರಿನದು ಹೇಳು. ಮೇಲಿನ ಬಂದರಿನದಾದರೆ ಮುಚ್ಚುಮರೆ ಮಾಡಬೇಡ.

ಅತ್ತಿಗೆ


ಜನವರಿ 20

ಅತ್ತಿಗೆ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು ಅದನ್ನು ಮೇಜಿನ ಮೇಲಿಟ್ಟೆ. ಕೈ ತೊಳೆದುಕೊಂಡು ಬಂದು ಬಿಚ್ಚಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಭೂತಗನ್ನಡಿ ಎಂದದ್ದಕ್ಕೆ ಸಿಟ್ಟು ಬರಲಿಲ್ಲ. ನನ್ನನ್ನು ಎದುರಿಗೆ ಹಾಗೆ ಕರೆಯುವವರು ಈಗ ಯಾರೂ ಇಲ್ಲ. ಇಲ್ಲಿ ಇಲಾಖೆಯಲ್ಲಿ ಎಲ್ಲರೂ ಮೇಡಂ ಅನ್ನುತ್ತಾರೆ, ನನಗೆ ಯಾರನ್ನೋ ಕರೆದ ಹಾಗೆ ಕೇಳುತ್ತದೆ.

ಚಿಪ್ಪು ಮೇಲಿನ ಬಂದರಿನದಲ್ಲ. ಅಲ್ಲಿ ಕಲ್ಲುತಳ. ಅಲ್ಲಿಯ ಚಿಪ್ಪು ದಪ್ಪ, ಬೆನ್ನಿನ ಏಣುಗಳು ಸವೆದಿರುತ್ತವೆ. ದಿಬ್ಬದ ಆಚೆಯದೂ ಅಲ್ಲ. ಆ ಜಾತಿಯೇ ಬೇರೆ, ಅಂಗೈ ಅಗಲ ಬೆಳೆಯುತ್ತದೆ. ಇದು ತೆಳ್ಳಗಿದೆ, ಏಣುಗಳು ಇನ್ನೂ ಚೂಪಾಗಿವೆ, ಕೀಲಿನ ಹತ್ತಿರ ಹಸಿರು ಕಲೆ. ಸಾಸಿವೆಯಷ್ಟಿದ್ದಾಗ ಕಡಲಹುಲ್ಲಿನ ಎಲೆಗೆ ನೂಲು ಕಟ್ಟಿಕೊಂಡು ನೇತಾಡಿ, ಭಾರವಾದ ಮೇಲೆ ನೂಲು ಬಿಟ್ಟು ಕೆಳಗಿಳಿದದ್ದು. ಒಳಗಡಲಿನ ಹುಲ್ಲುಗಾವಲಿನದು. ಈ ವರ್ಷ ಮುಚ್ಚಿರುವ ಜಾಗದ್ದು.

ಆದರೆ ಒಂದು ಚಿಪ್ಪು ಜೇಬಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅಣ್ಣ ಆ ದಿನ ಅಲ್ಲಿಗೇ ಹೋಗಿದ್ದನೆಂದು ಹೇಳಲಾಗದು. ಯಾವತ್ತೋ ಲಂಗರು ಎತ್ತುವಾಗ ಹುಲ್ಲಿನ ಜೊತೆ ಬಂದಿರಬಹುದು.

ಇನ್ನೊಂದು ಮಾತು. ಇದು ಮರಿ. ಹೋದ ಜೂನಿನಲ್ಲಿ ಹುಟ್ಟಿ ನವೆಂಬರಿನ ಹೊತ್ತಿಗೆ ನೀರಿನಿಂದ ಹೊರಬಿದ್ದದ್ದು, ಆರು ತಿಂಗಳೂ ತುಂಬಿಲ್ಲ. ಬರುವ ಜೂನಿನಲ್ಲಿ ಮೊದಲ ಸಲ ಮೊಟ್ಟೆ ಇಡಬೇಕಿತ್ತು. ಇವುಗಳ ಆಯುಷ್ಯ ನಿಮಗೆ ಗೊತ್ತಿದೆ, ಎರಡು ವರ್ಷ ತುಂಬಿದರೆ ಹೆಚ್ಚು. ಹೆಚ್ಚಿನವಕ್ಕೆ ಮೊದಲ ಮೊಟ್ಟೆಯೇ ಕೊನೆಯದು. ಅದಕ್ಕೇ ಈ ಜಾಗ ಮುಚ್ಚಬೇಕೆಂದು ಬರೆದೆ. ಅಣ್ಣನಿಗೆ ಕೇಡು ಬಯಸಿ ಅಲ್ಲ.

ಇದರ ಮೇಲೆ ಗೆರೆಯ ಹಾಗೆ ಕಾಣುವುದು ವರ್ಷದ ಗೆರೆಯಲ್ಲ.

ಅಡುಗೆಮನೆಯ ಶಬ್ದಕ್ಕೆ ನಾನು ನಗಲಿಲ್ಲ. ನನಗೆ ಶಬ್ದ ಕೇಳುವುದಿಲ್ಲ, ಆದರೆ ನಾಲ್ಕು ಗಂಟೆಯ ಬಿಸಿಲಿಗೆ ಕಿಟಕಿಯ ಆಚೆ ಯಾರಾದರೂ ಭುಜ ಬಗ್ಗಿಸಿ ನಡೆದುಹೋದರೆ ಎದ್ದು ನಿಲ್ಲುತ್ತೇನೆ.

ನಿಮ್ಮ
ಭೂತಗನ್ನಡಿ


ಜನವರಿ 29

ಮೇಡಂ ಅವರಿಗೆ,

ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಸರಿ. ಮೇಲಿನ ಬಂದರಿನದಲ್ಲ ಎಂದು ಓದಿದಾಗ ನನಗೆ ಸಮಾಧಾನವಾಯಿತೋ ಹೆದರಿಕೆಯಾಯಿತೋ ಹೇಳಲಾರೆ. ಎರಡೂ ಒಟ್ಟಿಗೆ ಆಯಿತು.

ಆದರೆ ಗೆರೆಯಲ್ಲ ಎಂದು ಬರೆದೆಯಲ್ಲ, ಅದನ್ನು ಹೇಗೆ ಒಪ್ಪಲಿ? ನೀನು ಗಾಜಿನಲ್ಲಿ ನೋಡುವುದನ್ನು ನಾನು ಹೆಬ್ಬೆರಳಿನಲ್ಲಿ ನೋಡುತ್ತೇನೆ. ಕೀಲಿನಿಂದ ಅಂಚಿಗೆ ಬೆರಳು ಎಳೆದರೆ, ಏಣುಗಳನ್ನು ಅಡ್ಡಕ್ಕೆ ದಾಟಿದ ಹಾಗೆ ಒಂದು ಮೆಟ್ಟಿಲು ಸಿಗಬೇಕು. ಚಳಿಯಲ್ಲಿ ಬೆಳವಣಿಗೆ ನಿಂತು ಮತ್ತೆ ಶುರುವಾದ ಜಾಗ ಅದು. ಮೆಟ್ಟಿಲು ಸಿಕ್ಕಿತೋ, ಅದು ಒಂದು ಚಳಿಗಾಲ ಕಂಡದ್ದು, ಮೊಟ್ಟೆಯಿಟ್ಟು ಮುಗಿಸಿದ್ದು, ತಾನಾಗಿಯೇ ಸಾಯುವುದಕ್ಕೆ ಹೊರಟದ್ದು. ಅದನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಸಿಗಲಿಲ್ಲವೋ, ಮರಿ, ವಾಪಸು ನೀರಿಗೆ. ನೀನು ಕಾಲೇಜಿನಲ್ಲಿ ಇದನ್ನು ಓದುವ ಮೊದಲು ಈ ಶೆಡ್ಡಿನಲ್ಲಿ ನಿನಗೆ ಕಲಿಸಿದವಳು ಯಾರು? ನಿನ್ನ ಬೆರಳು ಹಿಡಿದು ಚಿಪ್ಪಿನ ಮೇಲೆ ಎಳೆಸಿದವಳು ನಾನೇ ತಾನೇ?

ದೋಣಿಯವರು ತಂದು ಸುರಿದ ರಾಶಿಯಲ್ಲಿ ಅನುಮಾನ ಬಂದರೆ ಇಂದಿಗೂ ನನ್ನನ್ನೇ ಕರೆಯುತ್ತಾರೆ. "ಅಕ್ಕ, ಒಂಚೂರು ಬೆರಳಾಡ್ಸಿ ನೋಡಿ" ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಈ ಬೆರಳು ಒಂದು ಸಲವೂ ತಪ್ಪು ಹೇಳಿಲ್ಲ. ಆ ಚಿಪ್ಪಿನ ಮೇಲೆ ಗೆರೆ ಇದೆ. ಉಗುರು ಸಿಕ್ಕಿಕೊಳ್ಳುವಷ್ಟು ಗಟ್ಟಿಯಾಗಿದೆ. ನವೆಂಬರಿನಲ್ಲಿ ಮುಟ್ಟಿದಾಗಲೇ ಅದು ನನಗೆ ಗೊತ್ತಾಗಿತ್ತು. ಇನ್ನು ನೀನು ಗಾಜು ಒರೆಸಿಕೊಂಡು ಮತ್ತೊಮ್ಮೆ ನೋಡು.

ಮೇಲಿನ ಬಂದರಿನ ಸುದ್ದಿ ಮತ್ತೆ ಬಂತು. ಈ ಸಲ ಅವರ ಜೊತೆ ಒಬ್ಬ ಹೆಂಗಸೂ ಇದ್ದಳಂತೆ. ಕಥೆ ಕಟ್ಟುವವರಿಗೇನು, ನಾಳೆ ಮಗುವನ್ನೂ ಹುಟ್ಟಿಸುತ್ತಾರೆ.

ಅತ್ತಿಗೆ


ಫೆಬ್ರವರಿ 3

ಅತ್ತಿಗೆ,

ಚಿಪ್ಪನ್ನು ಮೊದಲು ನೋಡಿರಲಿಲ್ಲ ಎಂದು ಬರೆದಿರಿ. ಆಮೇಲೆ ನವೆಂಬರಿನಲ್ಲಿ ಮುಟ್ಟಿದೆ ಎಂದು ಬರೆದಿರಿ.

ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುವ ಯೋಗ್ಯತೆ ನನಗಿಲ್ಲ. ಅದು ಎಷ್ಟು ಇಲ್ಲ ಎನ್ನುವುದನ್ನೂ ಒಂದು ದಿನ ಬರೆಯಬೇಕಾಗುತ್ತದೆ. ಈಗ ಒಂದೇ ಒಂದು ಕೇಳುತ್ತೇನೆ, ದಯವಿಟ್ಟು ಹೇಳಿ. ಆ ಬೆಳಿಗ್ಗೆ ಅಣ್ಣ ಎಲ್ಲಿಗೆ ಹೋದ?

ನಿಮ್ಮ
ಭೂತಗನ್ನಡಿ


ಫೆಬ್ರವರಿ 19

ಭೂತಗನ್ನಡಿಗೆ,

ಹನ್ನೆರಡು ದಿನ ನಿನ್ನ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಎರಡು ಸಲ ಉತ್ತರ ಬರೆದು ಹರಿದೆ. ನಿಜ ಹೇಳಬೇಕೆಂದರೆ, ಚಿಪ್ಪು ಕಳಿಸಿದ್ದೇ ಅದಕ್ಕಾಗಿ. ನಾನು ಹೇಳದೆ ಅದು ನಿನಗೆ ಹೇಳಲಿ ಎಂದು. ಅದೂ ಪೂರ್ತಿ ಹೇಳಲಿಲ್ಲ, ಹಾಳಾದ್ದು.

ಅವರು ಹೋಗುವುದಕ್ಕೆ ಎರಡು ದಿನ ಮೊದಲು, ಸಂಜೆ, ಲಂಗರಿಗೆ ಸಿಕ್ಕ ಹುಲ್ಲಿನ ಜೊತೆ ಐದಾರು ಚಿಪ್ಪು ತಂದರು. ಒಳಗಡಲಿನಲ್ಲಿ ಇಂಜಿನ್ ಸರಿಮಾಡಲು ಸ್ವಲ್ಪ ಹೊತ್ತು ನಿಂತಿದ್ದರಂತೆ. ತಮಾಷೆಗೆ ನನ್ನ ಕೈಗೆ ಕೊಟ್ಟು, "ತಗೋ, ನನ್ನ ತಂಗಿಯ ಖಜಾನೆ" ಅಂದರು. ನಾನು ಬೆರಳಾಡಿಸಿದೆ. ಎಲ್ಲದರ ಮೇಲೂ ಗೆರೆ.

"ಇವು ಮರಿ ಅಲ್ಲ ರೀ. ಮುದುಕಿಯರು. ಚಳಿಗಾಲ ಮುಗಿಯೋ ಹೊತ್ತಿಗೆ ಅಲ್ಲೇ ಸತ್ತು ಬಾಯಿ ಬಿಡ್ತವೆ. ಸುಮ್ನೆ ಕೊಳೆಯೋಕೆ ಬಿಡೋದಾ?" ಎಂದೆ.

"ಮುಚ್ಚಿದ ಜಾಗ ಅದು. ಬೇಡ."

"ಗೆರೆ ಇರೋದು ಮಾತ್ರ ತಗೊಳ್ಳಿ, ಇಲ್ಲದ್ದನ್ನ ವಾಪಸು ಹಾಕಿ. ಅದರಲ್ಲಿ ಕಳ್ಳತನ ಏನು ಬಂತು? ನಿಮ್ಮ ತಂಗಿಗೆ ಗಾಜು ಇಟ್ಟು ನೋಡಿದ್ರೂ ಕಾಣ್ಲಿಲ್ಲ, ನನಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ."

ಅವರು ಒಪ್ಪಲಿಲ್ಲ. ಮಾತು ಬಿಟ್ಟಿದ್ದರೂ ನಿನ್ನ ಮಾತು ಮೀರಲು ಅವರಿಗೆ ಮನಸ್ಸಿರಲಿಲ್ಲ, ಗೊತ್ತಿರಲಿ ನಿನಗೆ. ಎರಡು ದಿನ ನಾನು ಅವರ ತಲೆ ತಿಂದೆ. ಮೂರನೇ ಬೆಳಿಗ್ಗೆ ಅವರು ಬೂಟು ಹಾಕಿಕೊಳ್ಳುತ್ತಿದ್ದಾಗ ಅಂದುಬಿಟ್ಟೆ: "ನಿಮ್ಮ ತಂಗಿ ಉಸಿರಾಡಬೇಡ ಅಂದ್ರೆ ಅದನ್ನೂ ಬಿಡ್ತೀರಾ ನೀವು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ತಳ ಕೆರೆಯುವ ಕಬ್ಬಿಣದ ಗೋರುಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ನಾನು ಹೇಳಿದಲ್ಲಿಗೆ ಹೋದರೋ, ನನ್ನನ್ನು ಬಿಟ್ಟೇ ಹೋದರೋ, ದಿಬ್ಬದ ಆಚೆಗೇ ಹೋದರೋ, ನನಗೆ ಗೊತ್ತಿಲ್ಲ. ಹುಡುಕುವವರು ಬಂದು "ಎಲ್ಲಿಗೆ ಹೋಗಿದ್ರು?" ಎಂದು ಕೇಳಿದಾಗ ಮೆಕ್ಯಾನಿಕ್ಕು ದಿಬ್ಬದ ಆಚೆ ಎಂದ. ಅವನಿಗೂ ಏನೋ ಅನುಮಾನ ಇತ್ತು, ನನ್ನ ಮುಖ ನೋಡಿಯೇ ಹಾಗೆಂದ. ನಾನು ಹೂಂ ಎಂದೆ. ಮುಚ್ಚಿದ ಜಾಗಕ್ಕೆ ಹೋಗಿದ್ದರೆಂದು ಹೇಳಿದರೆ ಊರಿಗೆಲ್ಲ ಕಳ್ಳ ಎನ್ನಿಸಿಕೊಳ್ಳುತ್ತಾರೆ, ವಾಪಸು ಬಂದು ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡೆ. ವಾಪಸು ಬರುತ್ತಾರೆ ಎಂದುಕೊಂಡಿದ್ದೆ.

ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೊದಲ ದಿನವೇ ಬಾಯಿಬಿಟ್ಟಿದ್ದರೆ? ಯಾವುದಾದರೂ ಹಲಗೆ ಹಿಡಿದುಕೊಂಡು ಕೂಗುತ್ತಿದ್ದರೋ ಏನೋ. ಅಡುಗೆಮನೆಯ ಮೂಲೆಯಲ್ಲಿ ತಟ್ಟುವುದು ಚಿಪ್ಪಲ್ಲ ಅನ್ನಿಸುತ್ತದೆ ನನಗೆ. ಇದನ್ನು ಇಷ್ಟರವರೆಗೆ ಯಾರಿಗೂ ಹೇಳಿಲ್ಲ.

ಹೋಗಿ ನೋಡು. ನಿನ್ನ ಕಾಲು ಹಿಡಿಯುತ್ತೇನೆ.

ಅತ್ತಿಗೆ


ಮಾರ್ಚ್ 12

ಅತ್ತಿಗೆ,

ಆರನೇ ತಾರೀಖು ಜೆಟ್ಟಿಯ ಮೇಲೆ ಅಣ್ಣನನ್ನು ಇಳಿಸಿದಾಗ ನೀವು ಅಳಲಿಲ್ಲ. ಅವನ ಮೈಮೇಲಿದ್ದ ರೈನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನನಗೆ ಒಂದೇ ಮಾತು ಹೇಳಿದಿರಿ: "ಕೆಳಗೆ ಏನು ನೋಡ್ದೆ, ಬರೆದು ಕಳಿಸು. ಈಗ ಹೇಳ್ಬೇಡ." ಬರೆಯುತ್ತಿದ್ದೇನೆ.

ಚಳಿಗಾಲದ ಕೆಸರು ಆ ವಾರವಷ್ಟೇ ತಿಳಿಯಾಗಿತ್ತು. ಇಲಾಖೆಯ ಇಬ್ಬರು ಮುಳುಗುಗಾರರು ಮತ್ತು ನಾನು. ಹುಲ್ಲುಗಾವಲು ಎರಡಾಳು ಆಳ, ಅದರ ಅಂಚಿನಲ್ಲಿ ಹಡಗುಗಳು ಹೋಗುವ ಕಾಲುವೆ, ಅಲ್ಲಿ ತಳ ತಟ್ಟನೆ ಇಳಿಯುತ್ತದೆ. ನಾನು ಹುಲ್ಲಿನ ಮೇಲೆ ಹೋಗುತ್ತಿದ್ದಂತೆ ಚಿಪ್ಪುಗಳು ಎದ್ದವು. ನೆರಳು ಬಿದ್ದರೆ ಸಾಕು ಅವಕ್ಕೆ. ಒಂದು ಎದ್ದರೆ ಪಕ್ಕದ್ದು, ಅದರ ಪಕ್ಕದ್ದು, ಚಪ್ಪಾಳೆ ತಟ್ಟಿಕೊಂಡು ಹಿಂದುಹಿಂದಕ್ಕೆ ಹಾರಿ ದೂರ ಹೋಗಿ ಕೂತು ಮತ್ತೆ ನನ್ನನ್ನು ನೋಡತೊಡಗಿದವು. ಇಷ್ಟು ವರ್ಷ ಮುಳುಗಿದ್ದೇನೆ, ಅವತ್ತು ಮೊದಲ ಸಲ ಹೆದರಿಕೆಯಾಯಿತು. ಇವಕ್ಕೆ ಗೊತ್ತಿದೆ, ಮೂರು ತಿಂಗಳಿಂದ ಗೊತ್ತಿದೆ ಅನ್ನಿಸಿತು.

ದೋಣಿ ಕಾಲುವೆಯ ಇಳಿಜಾರಿನಲ್ಲಿ ಮಗ್ಗುಲಾಗಿ ಮಲಗಿತ್ತು. ಗೋರುಬಲೆಯ ಹಗ್ಗ ಬಿಗಿಯಾಗಿ ಮೇಲಿನ ಹುಲ್ಲಿನೊಳಕ್ಕೆ ಹೋಗಿತ್ತು. ಬಲೆ ತಳದಲ್ಲಿ ತುಕ್ಕು ಹಿಡಿದ ಯಾವುದೋ ಕಬ್ಬಿಣಕ್ಕೆ ಸಿಕ್ಕಿಕೊಂಡು, ಇಂಜಿನ್ ಎಳೆಯುತ್ತಲೇ ಇದ್ದು, ಹಿಂಬದಿ ನೀರಿಗಿಳಿದಿದೆ. ಒಂದೇ ನಿಮಿಷದ ಕೆಲಸ ಅದು. ಅಣ್ಣ ದೋಣಿಯ ಒಳಗೇ ಇದ್ದ. ಎಡಗಾಲಿಗೆ ಹಗ್ಗ ಎರಡು ಸುತ್ತು ಬಿದ್ದಿತ್ತು. ಅತ್ತಿಗೆ, ಅವನು ಯಾವ ಹಲಗೆಯನ್ನೂ ಹಿಡಿದಿರಲಿಲ್ಲ, ಕೂಗಲಿಲ್ಲ. ನೀವು ಆ ದಿನವೇ ಹೇಳಿದ್ದರೂ ನಮಗೆ ಸಿಗುತ್ತಿದ್ದದ್ದು ಇದೇ. ನಾನು ಇದನ್ನು ನಿಮ್ಮ ಸಮಾಧಾನಕ್ಕೆ ಬರೆಯುತ್ತಿಲ್ಲ, ಹಗ್ಗವನ್ನು ಬಿಡಿಸಿದವಳು ನಾನೇ.

ಅವನು ನಿಮ್ಮನ್ನು ಬಿಟ್ಟು ಹೋಗಿರಲಿಲ್ಲ.

ದೋಣಿಯಲ್ಲಿ ಮುಚ್ಚಳದ ಬುಟ್ಟಿ ಕಟ್ಟಿದ್ದು ಹಾಗೆಯೇ ಇತ್ತು. ಒಳಗೆ ಐವತ್ತಮೂರು ಚಿಪ್ಪು, ಹೆಚ್ಚಿನವು ಬದುಕಿದ್ದವು. ಬುಟ್ಟಿಯ ಸಂದಿಯಿಂದ ಬಂದ ನೀರನ್ನೇ ಸೋಸಿ ತಿಂದುಕೊಂಡು. ಕೈಗವಸು ತೆಗೆದು ಒಂದೊಂದನ್ನೂ ನೀವು ಕಲಿಸಿದ ಹಾಗೆ ಹೆಬ್ಬೆರಳಿನಿಂದ ನೋಡಿದೆ. ಐವತ್ತಮೂರಕ್ಕೂ ಗೆರೆ ಇತ್ತು. ಗೆರೆಯಿಲ್ಲದ್ದು ಒಂದೂ ಇಲ್ಲ. ನೀವು ಹೇಳಿದ್ದನ್ನು ಅಣ್ಣ ಅಕ್ಷರಶಃ ನಡೆಸಿದ್ದ. ಮುಚ್ಚಳ ತೆಗೆದೆ, ಅವು ಹೋದವು.

ಇನ್ನು ಆ ಗೆರೆಯ ವಿಷಯ. ನಿಮ್ಮ ಬೆರಳು ತಪ್ಪು ಹೇಳಲಿಲ್ಲ. ಗೆರೆ ಇತ್ತು. ಆದರೆ ಅದನ್ನು ಚಳಿಗಾಲ ಎಳೆದದ್ದಲ್ಲ, ನಾನು ಎಳೆದದ್ದು. ಅಕ್ಟೋಬರಿನ ಮೊದಲ ವಾರ ಒಳಗಡಲಿನಲ್ಲಿ ಹನ್ನೆರಡು ಚೌಕ ಗುರುತು ಮಾಡಿ, ಅವುಗಳೊಳಗಿನ ಮರಿಗಳನ್ನೆಲ್ಲ ಮೇಲೆತ್ತಿ, ಅಳೆದು, ವಾಪಸು ಬಿಟ್ಟೆ. ಗಾಳಿಗೆ ತೆಗೆದು ಕೈಯಾಡಿಸಿದರೆ ಮರಿ ಹೆದರಿ ಕೆಲವು ದಿನ ಬೆಳೆಯುವುದನ್ನು ನಿಲ್ಲಿಸುತ್ತದೆ. ಮತ್ತೆ ಶುರುವಾದಾಗ ಅಲ್ಲಿ ಮೆಟ್ಟಿಲು ಬೀಳುತ್ತದೆ, ವರ್ಷದ ಗೆರೆಯ ಹಾಗೆಯೇ. ಆ ಇಡೀ ಹುಲ್ಲುಗಾವಲಿನಲ್ಲಿ ಗೆರೆಯಿರುವ ಚಿಪ್ಪು ಇದ್ದದ್ದು ನನ್ನ ಚೌಕಗಳಲ್ಲಿ ಮಾತ್ರ. ಅದಕ್ಕೇ ಅಣ್ಣ ಅಲ್ಲೇ ಎಳೆದ. ನಿಮ್ಮ ಚಿಪ್ಪು ಕೈಗೆ ಬಂದ ದಿನವೇ ನನಗೆ ಇದು ತಿಳಿದಿತ್ತು, ಬರೆಯಲು ಎರಡು ತಿಂಗಳು ಬೇಕಾಯಿತು.

ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಪದ ಬರೆದು ನೋಡಿದೆ, ತುಂಬ ಚಿಕ್ಕದಾಗಿ ಕಂಡಿತು.

ನಿಮ್ಮ
ಭೂತಗನ್ನಡಿ


ಏಪ್ರಿಲ್ 27

ಅತ್ತಿಗೆ,

ಅಣ್ಣ ಸಿಕ್ಕ ಮೇಲೆ ಇದು ಮೂರನೇ ಕಾಗದ. ಹಿಂದಿನ ಎರಡೂ ತಲುಪಿವೆ ಎಂದು ಅಂಚೆಯವರು ಹೇಳುತ್ತಾರೆ, ಆದ್ದರಿಂದ ನೀವು ಬೇಕೆಂದೇ ಸುಮ್ಮನಿದ್ದೀರಿ. ಇರಿ.

ಇಲಾಖೆಗೆ ವರದಿ ಕೊಟ್ಟೆ. ಗಣತಿಗೆ ಮೇಲೆತ್ತಿದ ಮರಿಗಳಿಗೆ ಸುಳ್ಳು ಗೆರೆ ಬರುತ್ತದೆ, ಅದನ್ನು ನಂಬಿ ಮರಿಗಳನ್ನು ಹಿಡಿಯುವ ಅಪಾಯವಿದೆ ಎಂದು ಬರೆದಿದ್ದೇನೆ. ಇನ್ನು ಮುಂದೆ ನೀರಿನ ಒಳಗೇ, ಮುಟ್ಟದೆ ಎಣಿಸಬೇಕೆಂದು ಆದೇಶ ಬಂದಿದೆ. ಅಣ್ಣನ ವಿಷಯಕ್ಕೆ ಒಂದೇ ಸಾಲು: ಹಿಡಿದದ್ದರಲ್ಲಿ ಗೆರೆಯಿಲ್ಲದ ಚಿಪ್ಪು ಒಂದೂ ಇರಲಿಲ್ಲ. ಕಳ್ಳ ಎಂದು ಯಾರೂ ಅನ್ನಲಾರರು.

ಇನ್ನೂ ಒಂದು ವಿಷಯ ಬರೆಯಬೇಕೆಂದು ಕೂತಿದ್ದೆ. ಪೆನ್ನು ಹಿಡಿದು ಬಹಳ ಹೊತ್ತಾಯಿತು. ಇವತ್ತು ಆಗುವುದಿಲ್ಲ.

ಭೂತಗನ್ನಡಿ


ಜೂನ್ 14

ಭೂತಗನ್ನಡಿಗೆ,

ಆ ಒಂದು ವಿಷಯವನ್ನು ನೀನು ಬರೆಯಬೇಕಾಗಿಲ್ಲ. ನನಗೆ ಏಪ್ರಿಲ್‌ನಲ್ಲೇ ಗೊತ್ತಾಯಿತು.

ನೀನು ಹಗ್ಗ ಬಿಡಿಸಿ ಅವರನ್ನು ತಂದೆ, ದೋಣಿ ತಂದೆ, ಗೋರುಬಲೆಯನ್ನು ಮಾತ್ರ ಕೆಳಗೇ ಬಿಟ್ಟು ಬಂದೆ. ಮೆಕ್ಯಾನಿಕ್ಕು ಅದು ನಿಮ್ಮಣ್ಣ ಕೈಯಾರೆ ಬೆಸೆದದ್ದು, ಅಲ್ಲಿ ಕೊಳೆಯಬಾರದು ಎಂದು ಇಲಾಖೆಯನ್ನು ಕೇಳಿಕೊಂಡು ಮೇಲೆತ್ತಿಸಿದ. ಶೆಡ್ಡಿನ ಹಿಂದಿನ ಕಲ್ಲುಹಾಸಿನ ಮೇಲೆ ತಂದು ಹಾಕಿದ. ನಾನು ಪೈಪು ಹಿಡಿದು ಕೆಸರು ತೊಳೆದೆ. ಸರಪಳಿಯ ನಡುವೆ ಒಂದು ಕಬ್ಬಿಣದ ಗೂಟ ಸಿಕ್ಕಿಕೊಂಡಿತ್ತು, ಮೊಳದುದ್ದ, ತುದಿ ಬಾಗಿದೆ. ನೀನು ಬರೆದ ಹಾಗೆ ತುಕ್ಕೇನೂ ಹಿಡಿದಿರಲಿಲ್ಲ. ಹಳದಿ ಬಣ್ಣ, ಮೇಲೆ ಏಳು ಎಂದು ಬರೆದಿದೆ, ನಿನ್ನ ಏಳನೇ ಚೌಕದ ಗುರುತು. ನಿನ್ನ ಏಳು ನನಗೆ ಗೊತ್ತಿಲ್ಲವೇ? ಬಾಲಕ್ಕೆ ಒಂದು ಕೊಕ್ಕೆ ಹಾಕುತ್ತೀಯ, ಚಿಕ್ಕಂದಿನಿಂದಲೂ.

ಮೆಕ್ಯಾನಿಕ್ಕು ಸಮುದ್ರದ ಕಡೆಗೆ ಮುಖ ತಿರುಗಿಸಿಕೊಂಡು "ಯಾವುದೋ ಹಳೇ ಕಬ್ಬಿಣ ಅಕ್ಕ, ಬಿಸಾಕಿ" ಅಂದ. ಅವನಿಗೆ ಸುಳ್ಳು ಹೇಳಲು ಇನ್ನೂ ಬರುವುದಿಲ್ಲ. ನಾನು ಗೂಟ ಬಿಡಿಸಿ, ಏಪ್ರನ್ನಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಆಮೇಲೆ ಎರಡು ತಿಂಗಳು ನಾನು ಏನು ಮಾಡಿದೆ ಗೊತ್ತೇ? ನಿನ್ನನ್ನು ಬೈದೆ. ಬೆಳಿಗ್ಗೆ ಎದ್ದು ಬೈದೆ, ಚಿಪ್ಪು ಬಿಡಿಸುತ್ತ ಬೈದೆ. ಗೆರೆ ಎಳೆದವಳೂ ಅವಳೇ, ಗೂಟ ನೆಟ್ಟವಳೂ ಅವಳೇ, ಮುಚ್ಚಿದವಳೂ ಅವಳೇ ಎಂದು. ಎಷ್ಟು ಹಗುರವಾಗಿದ್ದವು ಗೊತ್ತೇ ಆ ದಿನಗಳು! ಊಟ ಸೇರಿತು, ನಿದ್ದೆ ಬಂತು. ಅಡುಗೆಮನೆಯ ಶಬ್ದ ಕೂಡ ನಿಂತುಹೋಯಿತು. ಎಲ್ಲ ಭಾರವನ್ನೂ ನಿನ್ನ ತಲೆಗೆ ಹೊರಿಸಿ ನಾನು ಕೈ ಬೀಸಿಕೊಂಡು ಓಡಾಡಿದೆ.

ಆದರೆ ನಿನ್ನೆ ಏನಾಯಿತೆಂದರೆ, ಶೆಡ್ಡಿಗೆ ಹೊಸದಾಗಿ ಸೇರಿದ ಒಬ್ಬಳು ಒಂದು ಚಿಪ್ಪು ತಂದು "ಇದ್ರಲ್ಲಿ ಗೆರೆ ಇದ್ಯಾ ನೋಡಿ ಅಕ್ಕ" ಎಂದಳು. ಬೆರಳು ಇಟ್ಟೆ. ಇದೆಯೋ ಇಲ್ಲವೋ ಬೆರಳಿಗೆ ಗೊತ್ತು, ಬಾಯಿಗೆ ಬರುತ್ತಿಲ್ಲ. ಇದ್ದರೂ ಯಾರು ಎಳೆದದ್ದೆಂದು ನನಗೇನು ಗೊತ್ತು? ಅವಳು ಕಾದು ಕಾದು, "ಹುಷಾರಿಲ್ವಾ ಅಕ್ಕ?" ಎಂದು ಕೇಳಿ ಹೋದಳು. ಮನೆಗೆ ಬಂದರೆ ಮೂಲೆಯಲ್ಲಿ ಮತ್ತೆ ಟಪ್, ಟಪ್.

ಆಗ ತಿಳಿಯಿತು, ಎರಡು ತಿಂಗಳು ನಾನು ಬೈದದ್ದು ನಿನ್ನನ್ನಲ್ಲ. ಬೂಟು ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಿ ನೋಡಿದರಲ್ಲ, ಆ ನೋಟದ ಜೊತೆ ಜಗಳ ಆಡುತ್ತಿದ್ದೇನೆ. ನಾನೇ ಪ್ರಶ್ನೆ ಹಾಕುತ್ತೇನೆ, ಅವರ ಪರವಾಗಿ ನಾನೇ ಉತ್ತರ ಹೇಳಿಕೊಳ್ಳುತ್ತೇನೆ, ಆಮೇಲೆ ಆ ಉತ್ತರಕ್ಕೆ ಸಿಟ್ಟಾಗುತ್ತೇನೆ. ಅವರು ಬಿಟ್ಟು ಹೋಗಲಿಲ್ಲ ಎಂದು ನೀನು ಬರೆದ ಸಾಲನ್ನು ದಿನಕ್ಕೆ ಹತ್ತು ಸಲ ಓದುತ್ತೇನೆ. ಬಿಟ್ಟು ಹೋಗಿದ್ದರೆ ಎಲ್ಲೋ ಇರುತ್ತಿದ್ದರಲ್ಲ ಎಂದೂ ಅನ್ನಿಸುತ್ತದೆ. ಇಂಥದ್ದನ್ನೆಲ್ಲ ಯಾರ ಹತ್ತಿರ ಹೇಳಲಿ?

ನೀನು ಕ್ಷಮೆ ಕೇಳಲಿಲ್ಲ, ಒಳ್ಳೆಯದಾಯಿತು. ಕೊಡಲು ನನ್ನ ಹತ್ತಿರ ಅದು ಇಲ್ಲ. ಗೂಟ ನಿನ್ನದು, ಹೋಗಿ ಎಂದ ಬಾಯಿ ನನ್ನದು, ಇದು ಇಬ್ಬರಿಗೂ ಗೊತ್ತಾದ ಮೇಲೆ ಕಾಗದದಲ್ಲಿ ನಯವಾಗಿ ಬರೆಯುತ್ತ ಕೂತಿರುವುದು ನನ್ನಿಂದ ಆಗುವುದಿಲ್ಲ. ಬಸ್ಸು ಹತ್ತಿ ಬಾ. ಈ ಸಲ ಬಾಗಿಲು ತೆಗೆಯುತ್ತೇನೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬಾಯಿತುಂಬ ಬೈಯಬೇಕು ನಾನು. ನೀನೂ ಸುಮ್ಮನೆ ತಲೆ ತಗ್ಗಿಸಿ ಕೂರಬೇಡ, ನನ್ನನ್ನು ಬೈ. ಆ ಬೆಳಿಗ್ಗೆ ಯಾಕೆ ಹಾಗಂದೆ ಎಂದು ಕೇಳು, ಅವರ ದನಿಯಲ್ಲೇ ಕೇಳು.

ಇಷ್ಟು ದಿನ ಸತ್ತವರ ಜೊತೆ ಜಗಳ ಆಡಿದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ.

ನಿನ್ನ ದಾರಿ ನೋಡುತ್ತಿರುವ
ಅತ್ತಿಗೆ